ಸ್ಪೇರ್ ಕೊಂಡಿಟ್ಟರೆ ಸಾಲದು

ಉತ್ಪಾದನೆ ನಿಂತಿರುವ ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಕಾರ್ಡ್‌ಗಳನ್ನು ಈಗಲೇ ಕೊಂಡು ಸ್ಟೋರ್‌ನಲ್ಲಿಡಿ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಸರಿ, ಆದರೆ ಅದು ಅರ್ಧ ಕೆಲಸ ಅಷ್ಟೇ. ನಾನು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಮಳೆಗಾಲಕ್ಕೆ ಕಪಾಟಿನಲ್ಲಿ ಸುಮ್ನೆ ಇಟ್ಟ ಕಾರ್ಡಿನ ಪಿನ್‌ಗಳಿಗೂ ಹಸಿರು ಕಿಲುಬು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿ, ಗಾಳಿಯಾಡದ ಕವರಿನಲ್ಲಿಡಿ. ಪವರ್ ಸಪ್ಲೈಗಳಿಗೆ ವರ್ಷಕ್ಕೊಮ್ಮೆಯಾದರೂ ಕರೆಂಟ್ ಕೊಡಿ. ಇಲ್ಲದಿದ್ದರೆ ಒಳಗಿನ ಕೆಪಾಸಿಟರ್ ಕೂತಲ್ಲೇ ಹಾಳಾಗುತ್ತದೆ.

ಇನ್ನೊಂದು, ಯಂತ್ರ ಹೇಗೆ ಓಡಬೇಕೆಂದು ಹೇಳುವ ಪ್ರೋಗ್ರಾಂ. ಹಳೆಯ ಎಷ್ಟೋ ಪಿಎಲ್‌ಸಿಗಳಲ್ಲಿ ಅದು ಉಳಿಯುವುದೇ ಒಂದು ಪುಟ್ಟ ಲಿಥಿಯಂ ಬ್ಯಾಟರಿಯಿಂದ. ಪವರ್ ಆನ್ ಇರುವಾಗಲೇ ಅದನ್ನು ಬದಲಿಸಬೇಕು, ಮೊದಲು ಬ್ಯಾಕಪ್ ತೆಗೆದುಕೊಂಡು. ಪ್ರೋಗ್ರಾಂ ಅಳಿಸಿಹೋದ ಮೇಲೆ ಹುಡುಕಿದರೆ, ಪ್ಯಾನೆಲ್ (ಪಿಎಲ್‌ಸಿ ಕೂರಿಸಿದ ಪೆಟ್ಟಿಗೆ) ಮಾಡಿಕೊಟ್ಟವರು ಅಂಗಡಿ ಮುಚ್ಚಿ ಹೋಗಿರುತ್ತಾರೆ, ಪ್ರೋಗ್ರಾಂನ ಪಾಸ್‌ವರ್ಡೂ ಅವರ ಜೊತೆಗೇ ಹೋಗಿರುತ್ತದೆ. ಆಗ ಹೊಸ ಕಾರ್ಡ್ ಇದ್ದೂ ಏನು ಮಾಡ್ತೀರಿ?

ಸೀಮೆನ್ಸ್ ಕಂಪನಿಯ ಎಸ್7-300 ಎಂಬ ಪಿಎಲ್‌ಸಿಯ ಫೇಸ್‌ಔಟ್ (ಹಂತಹಂತವಾಗಿ ನಿಲ್ಲಿಸುವುದು) 2023ರ ಅಕ್ಟೋಬರ್‌ನಲ್ಲೇ ಶುರುವಾಗಿದೆ. ಸ್ಪೇರ್ 2033ರವರೆಗೆ ಸಿಗಬಹುದು, ದುಡ್ಡು ಮಾತ್ರ ಜಾಸ್ತಿ. ಒಂದೇ ಥರದ ಎರಡು ಪ್ಯಾನೆಲ್ ಇದ್ದವರು ಒಂದನ್ನು ಹೊಸದಕ್ಕೆ ಬದಲಿಸಿ, ಅದರ ಕಾರ್ಡ್‌ಗಳನ್ನು ಇನ್ನೊಂದಕ್ಕೆ ಸ್ಪೇರ್ ಮಾಡಿಕೊಳ್ಳಿ. ಗುಜರಿಯಲ್ಲಿ ಹುಡುಕುವುದಕ್ಕಿಂತ ಇದು ವಾಸಿ, ಆ ಕಾರ್ಡ್‌ಗಳು ನಿನ್ನೆವರೆಗೆ ನಿಮ್ಮ ಕಣ್ಣೆದುರೇ ಓಡುತ್ತಿದ್ದವಲ್ಲ.