ಇನ್‌ವಾಯ್ಸ್ ಬರೆದ ಮಾತ್ರಕ್ಕೆ ಯಾರೂ ಸ್ವತಂತ್ರರಾಗುವುದಿಲ್ಲ

ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್ ಆಗಬೇಕು, ತಡವಾದರೆ ಕಾರಣ ಹೇಳಬೇಕು, ರಜೆಗೆ ಮ್ಯಾನೇಜರ್ ಒಪ್ಪಿಗೆ ಬೇಕು, ವರ್ಷಕ್ಕೊಮ್ಮೆ ಅಪ್ರೈಸಲ್ ಕೂಡ ಇದೆ. ಸಂಬಳದ ಚೀಟಿ ಮಾತ್ರ ಇಲ್ಲ. ತಿಂಗಳ ಕೊನೆಗೆ ಕಂಪನಿಯೇ ಕೊಟ್ಟ ನಮೂನೆಯಲ್ಲಿ, ಕಂಪನಿಯೇ ಹೇಳಿದ ಮೊತ್ತಕ್ಕೆ ಇನ್‌ವಾಯ್ಸ್ ಕಳಿಸಬೇಕು. ಏಕೆಂದರೆ ಕಾಗದದಲ್ಲಿ ಇವರು ‘ಸ್ವತಂತ್ರ ಕನ್ಸಲ್ಟೆಂಟ್’. ಡೆಲಿವರಿ ಹುಡುಗರ, ಟ್ಯಾಕ್ಸಿ ಚಾಲಕರ ಬಗ್ಗೆ ಈ ಮಾತು ಸಾಕಷ್ಟು ಆಗಿದೆ. ಆದರೆ ಕೋಚಿಂಗ್ ಕ್ಲಾಸಿನ ಮೇಷ್ಟ್ರು, ವಿಡಿಯೊ ಎಡಿಟರ್, ಸಾಫ್ಟ್‌ವೇರ್ ಟೆಸ್ಟರ್, ಸಲೂನಿನಲ್ಲಿ ಕತ್ತರಿ ಹಿಡಿದವರು, ಫಿಸಿಯೊಥೆರಪಿಸ್ಟ್, ಲಾರಿ ಚಾಲಕರು, ಹೀಗೆ ಪಟ್ಟಿ ಬಹಳ ಉದ್ದ ಇದೆ. ಇವರಿಗೆಲ್ಲ ಸಿಗುವ ಉತ್ತರ ಒಂದೇ: ‘ಒಪ್ಪಂದಕ್ಕೆ ಸಹಿ ಹಾಕಿದ್ದೀರಿ, ಇನ್ನೇನು ಮಾಡೋಕಾಗುತ್ತೆ?’

ಈ ಉತ್ತರ ತಪ್ಪು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ 198ನೇ ಶಿಫಾರಸು ಇದನ್ನು ನೇರವಾಗಿಯೇ ಹೇಳುತ್ತದೆ. ಕೆಲಸ ಹೇಗೆ ನಡೆಯುತ್ತಿದೆ, ಹಣ ಹೇಗೆ ಸಂದಾಯವಾಗುತ್ತಿದೆ ಎಂಬ ವಾಸ್ತವವನ್ನೇ ಮುಖ್ಯವಾಗಿ ನೋಡಬೇಕು, ಒಪ್ಪಂದದಲ್ಲಿ ಆ ಸಂಬಂಧಕ್ಕೆ ಏನೇ ಹೆಸರಿಟ್ಟಿರಲಿ. ಶಿಫಾರಸು ಕಾನೂನಲ್ಲ, ನಿಜ. ಆದರೆ ಬಹಳಷ್ಟು ದೇಶಗಳ ನ್ಯಾಯಾಲಯಗಳು ಈ ದಾರಿಯಲ್ಲೇ ನಡೆದಿವೆ, ಕೆಲವು ಅದಕ್ಕೂ ಮೊದಲೇ.

ಬ್ರಿಟನ್ನಿನ ಆಟೋಕ್ಲೆನ್ಝ್ ಪ್ರಕರಣ ನೋಡಿ. ಕಾರು ತೊಳೆದು ಹೊಳಪು ಕೊಡುವ 20 ಜನರ ಒಪ್ಪಂದದಲ್ಲಿ ಎರಡು ಜಾಣ ಸಾಲುಗಳಿದ್ದವು. ನಿಮ್ಮ ಬದಲಿಗೆ ಬೇರೆಯವರನ್ನು ಕಳಿಸಬಹುದು ಎಂಬುದು ಒಂದು. ಕೆಲಸ ಕೊಡುವ ಹೊಣೆ ಕಂಪನಿಗಿಲ್ಲ, ಬರುವ ಹೊಣೆ ನಿಮಗಿಲ್ಲ ಎಂಬುದು ಇನ್ನೊಂದು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಈ ಸಾಲುಗಳು ನಡೆಯುತ್ತಿದ್ದ ಕೆಲಸಕ್ಕೆ ಹೊಂದುವುದೇ ಇಲ್ಲ ಎಂದು ಪಕ್ಕಕ್ಕಿಟ್ಟು, ಅವರು ನೌಕರರೇ ಎಂದಿತು. ಒಪ್ಪಂದ ಬರೆಯುವ ಕೈ ಒಂದೇ ಆಗಿರುವಾಗ, ಎದುರಿನವರಿಗೆ ಚೌಕಾಸಿ ಮಾಡುವ ಬಲವೇ ಇಲ್ಲದಿರುವಾಗ, ಬರೆದದ್ದನ್ನೇ ವೇದವಾಕ್ಯ ಎನ್ನಲಾಗದು ಎಂಬುದು ಆ ತೀರ್ಪಿನ ತಿರುಳು.

ಭಾರತದ ಸುಪ್ರೀಂ ಕೋರ್ಟ್ ಇಂಥದೇ ಪ್ರಶ್ನೆಯನ್ನು 1973ರಲ್ಲೇ ಎದುರಿಸಿತ್ತು. ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ದರ್ಜಿಗಳಿಗೆ ಕೂಲಿ ಪೀಸ್ ಲೆಕ್ಕದ್ದು, ನಿಗದಿತ ಸಮಯ ಇರಲಿಲ್ಲ. ಆದರೆ ಹೊಲಿಗೆ ಯಂತ್ರ ಅಂಗಡಿಯದು. ಹೊಲಿದದ್ದು ಸರಿಯಿಲ್ಲದಿದ್ದರೆ ತಿರಸ್ಕರಿಸುವ, ಮತ್ತೆ ಹೊಲಿಸುವ ಅಧಿಕಾರ ಮಾಲೀಕರದು. ಹಾಗಾಗಿ ಅವರು ನೌಕರರೇ ಎಂದು ತೀರ್ಪಾಯಿತು. ‘ನಮ್ಮಲ್ಲಿ ಟೈಮಿಂಗ್ ಫ್ಲೆಕ್ಸಿಬಲ್, ಆದ್ದರಿಂದ ನೀವು ನೌಕರರಲ್ಲ’ ಎನ್ನುವವರು ಈ ತೀರ್ಪನ್ನು ಒಮ್ಮೆ ಓದಬೇಕು.

ಹಾಗಾದರೆ ಯಾವುದನ್ನು ನೋಡಬೇಕು? ಎಲ್ಲ ಕಡೆಗೂ ಹೊಂದುವ ಒಂದೇ ಅಳತೆಗೋಲು ಇಲ್ಲ. ಹಲವು ಸಂಗತಿಗಳನ್ನು ಒಟ್ಟಿಗೆ ತೂಗುತ್ತಾರೆ. ಕೆಲಸದ ವಿಧಾನ ಹೇಳಿಕೊಡುವವರು ಯಾರು? ಸಲಕರಣೆ ಯಾರದು? ದರ ನಿಗದಿ ಮಾಡುವವರು ಯಾರು? ಹಣ ತಿಂಗಳಿಗೊಮ್ಮೆ ಒಂದೇ ಮೊತ್ತವಾಗಿ ಬರುತ್ತದೆಯೇ? ಆದಾಯದ ಬಹುಪಾಲು ಒಂದೇ ಕಡೆಯಿಂದ ಬರುತ್ತದೆಯೇ? ಇವುಗಳ ನಡುವೆ ನನ್ನ ಲೆಕ್ಕದಲ್ಲಿ ಹೆಚ್ಚು ತೂಕದ್ದು ಲಾಭ ನಷ್ಟದ ಪ್ರಶ್ನೆ. ನಿಜವಾದ ಗುತ್ತಿಗೆದಾರ ಅಂದಾಜು ತಪ್ಪಿದರೆ ಕೈಯಿಂದ ಕಳೆದುಕೊಳ್ಳುತ್ತಾನೆ, ಜಾಣತನದಿಂದ ಬೇಗ ಮುಗಿಸಿದರೆ ಹೆಚ್ಚು ಗಳಿಸುತ್ತಾನೆ. ಎಂಟು ಗಂಟೆಯ ಕೆಲಸವನ್ನು ಐದು ಗಂಟೆಯಲ್ಲಿ ಮುಗಿಸಿದ್ದಕ್ಕೆ ಮೂರು ಗಂಟೆಯ ಬೇರೆ ಕೆಲಸ ಸಿಗುತ್ತದೆ ಎಂದಾದರೆ ಅದು ವ್ಯಾಪಾರವಲ್ಲ, ನೌಕರಿ.

ಬದಲಿ ಕಳಿಸುವ ಹಕ್ಕು ಇನ್ನೊಂದು ದೊಡ್ಡ ಸಂಗತಿ. ನೌಕರನಾದರೆ ತಾನೇ ಬಂದು ದುಡಿಯಬೇಕು, ಯಾರನ್ನಾದರೂ ಕಳಿಸಬಹುದಾದವನು ಸ್ವತಂತ್ರ ಎಂಬುದು ಇದರ ಹಿಂದಿನ ತರ್ಕ. ವಕೀಲರು ಮೊದಲು ಕೈಹಾಕುವುದೇ ಇದಕ್ಕೆ. ಬ್ರಿಟನ್ನಿನ ಪಿಮ್ಲಿಕೊ ಪ್ಲಂಬರ್ಸ್ ಪ್ರಕರಣದ ಪ್ಲಂಬರ್ ತನ್ನನ್ನು ಸ್ವಯಂ ಉದ್ಯೋಗಿ ಎಂದೇ ತೋರಿಸಿ ತೆರಿಗೆ ಕಟ್ಟುತ್ತಿದ್ದರು, ವ್ಯಾಟ್ ನೋಂದಣಿಯೂ ಇತ್ತು. ಆದರೂ ಪೂರ್ಣ ನೌಕರನಲ್ಲದಿದ್ದರೂ ಕೆಲವು ಹಕ್ಕುಗಳಿರುವ ‘ವರ್ಕರ್’ ಎಂದು 2018ರಲ್ಲಿ ಗೆದ್ದರು, ಏಕೆಂದರೆ ಅವರು ಬದಲಿಗೆ ಕಳಿಸಬಹುದಾಗಿದ್ದದ್ದು ಅದೇ ಕಂಪನಿಯ ಇನ್ನೊಬ್ಬ ಪ್ಲಂಬರನ್ನು ಮಾತ್ರ. ಅದೇ ಬ್ರಿಟನ್ನಿನಲ್ಲಿ 2023ರಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿಯ ಸವಾರರು ಸೋತರು. ಅವರು ಯಾರನ್ನು ಬೇಕಾದರೂ ಕಳಿಸಬಹುದಿತ್ತು, ಆ ಹಕ್ಕು ಬರೀ ತೋರಿಕೆಯದಲ್ಲ ಎಂದು ಕೋರ್ಟ್ ಒಪ್ಪಿತು. ಆ ತೀರ್ಪು ಬಹಳ ಜನರಿಗೆ ಇಷ್ಟವಾಗಲಿಲ್ಲ. ಆದರೆ ತಯಾರಿ ಮಾಡಿಕೊಳ್ಳುವವರು ಗೆದ್ದ ಪ್ರಕರಣಕ್ಕಿಂತ ಸೋತ ಪ್ರಕರಣವನ್ನೇ ಹೆಚ್ಚು ಗಮನವಿಟ್ಟು ಓದಬೇಕು. ನಿಮ್ಮ ಒಪ್ಪಂದದಲ್ಲೂ ಈ ಸಾಲು ಇರಬಹುದು. ಅದನ್ನು ಯಾರಾದರೂ ಬಳಸಿದ್ದಾರೆಯೇ, ಬಳಸಲು ಹೋದರೆ ಮ್ಯಾನೇಜರ್ ಏನನ್ನುತ್ತಾರೆ ಎಂಬುದನ್ನು ಇಮೇಲ್‌ನಲ್ಲಿ ಕೇಳಿ. ‘ಇಲ್ಲ, ನೀವೇ ಬರಬೇಕು’ ಎಂಬ ಒಂದು ಸಾಲಿನ ಉತ್ತರ ಹತ್ತು ಪುಟದ ಒಪ್ಪಂದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕ್ಯಾಲಿಫೋರ್ನಿಯಾ 2018ರ ಡೈನಮೆಕ್ಸ್ ತೀರ್ಪಿನಲ್ಲಿ ಸಾಬೀತುಪಡಿಸುವ ಭಾರವನ್ನೇ ಕಂಪನಿಯ ತಲೆಗೆ ಹಾಕಿತು. ಕೆಲಸಗಾರ ನಮ್ಮ ಹಿಡಿತದಲ್ಲಿಲ್ಲ, ಆತ ಮಾಡುವುದು ನಮ್ಮ ಮಾಮೂಲಿ ವ್ಯವಹಾರದ ಹೊರಗಿನ ಕೆಲಸ, ಆತನಿಗೆ ಆ ಕಸುಬಿನ ಸ್ವಂತ ವ್ಯವಹಾರ ಇದೆ ಎಂಬ ಮೂರನ್ನೂ ಕಂಪನಿ ತೋರಿಸಬೇಕು. ಒಂದು ತಪ್ಪಿದರೂ ಆತ ನೌಕರ. ಎರಡನೆಯದಕ್ಕೆ ಆ ತೀರ್ಪೇ ಕೊಟ್ಟ ಉದಾಹರಣೆ ಚೆನ್ನಾಗಿದೆ. ಅಂಗಡಿಯ ನಲ್ಲಿ ಸೋರುತ್ತಿದೆ ಎಂದು ಕರೆಸಿದ ಪ್ಲಂಬರ್ ಹೊರಗಿನವನು. ಬಟ್ಟೆ ತಯಾರಿಸುವ ಕಂಪನಿಗಾಗಿ ಮನೆಯಲ್ಲಿ ಕೂತು ಹೊಲಿಯುವ ಹೆಂಗಸು ಒಳಗಿನವಳು. ಈ ನಿಯಮ ಕಾನೂನಾಗಿ 2020ರಲ್ಲಿ ಜಾರಿಗೆ ಬಂದಾಗ ನಿಜವಾದ ಫ್ರೀಲಾನ್ಸರ್‌ಗಳಿಗೂ ಏಟು ಬಿತ್ತು ಎಂಬುದನ್ನು ಮುಚ್ಚಿಡಬಾರದು. ಒಂದೇ ಪತ್ರಿಕೆಗೆ ವರ್ಷಕ್ಕೆ 35ಕ್ಕಿಂತ ಹೆಚ್ಚು ಬರಹ ಕೊಟ್ಟರೆ ಫ್ರೀಲಾನ್ಸರ್‌ಗಿದ್ದ ವಿನಾಯಿತಿ ಸಿಗದು ಎಂಬ ಮಿತಿ ಬರಹಗಾರರನ್ನು ಪೇಚಿಗೆ ಸಿಲುಕಿಸಿತು, ಅದೇ ವರ್ಷ ತಿದ್ದುಪಡಿ ಮಾಡಿ ಅದನ್ನು ತೆಗೆಯಬೇಕಾಯಿತು. ಒರಟು ಅಳತೆಗೋಲು ಹಿಡಿದರೆ ಹೀಗೂ ಆಗುತ್ತದೆ. ಆದರೂ ಭಾರ ಕಂಪನಿಯ ಮೇಲಿರಬೇಕು ಎಂಬುದೇ ನನ್ನ ಅಭಿಪ್ರಾಯ. ಹಾಜರಾತಿ, ಶಿಫ್ಟ್ ಪಟ್ಟಿ, ಪಾವತಿಯ ದಾಖಲೆ ಎಲ್ಲ ಇರುವುದು ಅವರ ಸರ್ವರ್‌ನಲ್ಲಿ.

ಕಾನೂನು ಒಂದೇ ಕಡೆ ನಿಲ್ಲುವುದೂ ಇಲ್ಲ. ಆಸ್ಟ್ರೇಲಿಯಾದ ಹೈಕೋರ್ಟ್ 2022ರಲ್ಲಿ ಬರೆದ ಒಪ್ಪಂದಕ್ಕೇ ಪ್ರಾಧಾನ್ಯ ಕೊಟ್ಟು, ಸುಮಾರು 40 ವರ್ಷ ಒಂದೇ ವ್ಯವಹಾರಕ್ಕೆ ಲಾರಿ ಓಡಿಸಿದ ಇಬ್ಬರನ್ನು ಗುತ್ತಿಗೆದಾರರೆಂದಿತು. 2024ರಲ್ಲಿ ಸಂಸತ್ತು ಕಾನೂನು ತಿದ್ದಿ, ಸಂಬಂಧದ ನಿಜಸ್ವರೂಪ ನೋಡಬೇಕು ಎಂಬಲ್ಲಿಗೆ ಮರಳಿತು. ಹಾಗಾಗಿ ಹಳೆಯ ಲೇಖನ ಓದಿ ತೀರ್ಮಾನಕ್ಕೆ ಬರಬೇಡಿ, ನೀವಿರುವ ಕಡೆಯ ಈಗಿನ ನಿಯಮ ನೋಡಿ.

ಇನ್ನು ಹಣದ ವಿಷಯ. ‘ಕಡಿತ ಇಲ್ಲ, ಪೂರ್ತಿ ಕೈಗೆ ಬರುತ್ತೆ’ ಎಂಬ ಆಸೆಗೇ ಬಹಳ ಜನ ಒಪ್ಪುವುದು. ಲೆಕ್ಕ ಹಾಕೋಣ. ವರ್ಷದ 365 ದಿನಗಳಲ್ಲಿ ವಾರಾಂತ್ಯದ 104 ಕಳೆದರೆ 261. ನೌಕರನಿಗೆ ಈ 261 ದಿನಕ್ಕೂ ಸಂಬಳ. ಸಾರ್ವಜನಿಕ ರಜೆ 10, ಸ್ವಂತ ರಜೆ 20, ಕಾಯಿಲೆಯ ರಜೆ 6 ಎಂದುಕೊಂಡರೆ ಸ್ವಯಂ ಉದ್ಯೋಗಿಗೆ ಉಳಿಯುವುದು 225. ಕೆಲಸ ಹುಡುಕಲು, ಕೊಟೇಶನ್ ಬರೆಯಲು, ಬಾಕಿ ವಸೂಲಿಗೆ, ತೆರಿಗೆ ಕಾಗದಕ್ಕೆ 25 ದಿನ ಹೋದರೆ ಬಿಲ್ ಮಾಡಬಹುದಾದದ್ದು 200 ದಿನ. 261ನ್ನು 200ರಿಂದ ಭಾಗಿಸಿದರೆ 1.305. ಅಂದರೆ ಅದೇ ವರ್ಷದ ಆದಾಯಕ್ಕೆ ದಿನದ ದರ ಶೇ. 30ರಷ್ಟು ಹೆಚ್ಚಿರಬೇಕು. ಇದಿನ್ನೂ ಆರಂಭ. ಮಾಲೀಕರು ಕಟ್ಟಬೇಕಿದ್ದ ಭವಿಷ್ಯನಿಧಿ, ವಿಮೆಯ ಪಾಲು, ಕೆಲಸ ಬಿಟ್ಟಾಗ ಬರಬೇಕಿದ್ದ ಇಡಿಗಂಟು, ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಅಪಘಾತದ ವಿಮೆ ಎಲ್ಲವನ್ನೂ ಇದರ ಮೇಲೆ ಸೇರಿಸಬೇಕು. ನಿಮಗೆ ಕೊಡುತ್ತಿರುವುದು ನೌಕರನ ದರ, ಹೊರಿಸುತ್ತಿರುವುದು ವ್ಯಾಪಾರಿಯ ಹೊರೆ ಎಂದು ಗೊತ್ತಾಗುವುದು ಈ ಭಾಗಾಕಾರ ಮಾಡಿದಾಗ.

ಪುರಾವೆ ಕೂಡಿಡುವ ಕೆಲಸ ಕೆಲಸದಲ್ಲಿರುವಾಗಲೇ ಆಗಬೇಕು. ಕೊನೆಯ ದಿನ ಇಮೇಲ್ ಬಂದ್ ಆಗುತ್ತದೆ, ವಾಟ್ಸಾಪ್ ಗುಂಪಿನಿಂದ ಹೊರಗೆ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಶಿಫ್ಟ್ ಪಟ್ಟಿ, ರಜೆ ಕೇಳಿದ ಸಂದೇಶ ಮತ್ತು ಅದಕ್ಕೆ ಬಂದ ಉತ್ತರ, ತಡವಾದದ್ದಕ್ಕೆ ದಂಡ ಅಥವಾ ಎಚ್ಚರಿಕೆ, ಟಾರ್ಗೆಟ್, ಕಂಪನಿ ಹೆಸರಿನ ಗುರುತಿನ ಚೀಟಿ, ಇಮೇಲ್ ಕೆಳಗಿನ ಹುದ್ದೆಯ ಹೆಸರು, ಬೇರೆಡೆ ಕೆಲಸ ಮಾಡಬಾರದೆಂಬ ಸೂಚನೆ, ಬ್ಯಾಂಕ್ ಸ್ಟೇಟ್‌ಮೆಂಟ್ ಇವೆಲ್ಲ ಬೇಕು. ಸ್ಕ್ರೀನ್‌ಶಾಟ್ ತೆಗೆದರೆ ದಿನಾಂಕ, ಕಳಿಸಿದವರ ಹೆಸರು ಎರಡೂ ಕಾಣಲಿ. ಕತ್ತರಿಸಿದ ಚಿತ್ರವನ್ನು ಎದುರು ಪಕ್ಷದವರು ಸುಲಭವಾಗಿ ಅಲ್ಲಗಳೆಯುತ್ತಾರೆ. ಬಂದ ಹೊತ್ತು, ಹೋದ ಹೊತ್ತು, ಯಾರು ಏನು ಹೇಳಿದರು ಎಂದು ಅದೇ ದಿನ ಎರಡು ಸಾಲು ಬರೆದಿಡುವುದೂ ಸಹಾಯಕ್ಕೆ ಬರುತ್ತದೆ. ಗ್ರಾಹಕರ ಪಟ್ಟಿ, ಕೋಡ್, ಗೋಪ್ಯ ಕಡತಗಳನ್ನು ಮಾತ್ರ ಮುಟ್ಟಬೇಡಿ. ಹಾಗೆ ಮಾಡಿದರೆ ನಿಮ್ಮ ದೂರು ಮೂಲೆಗೆ ಸರಿದು ನಿಮ್ಮ ಮೇಲಿನ ಮೊಕದ್ದಮೆಯೇ ಮುಂದೆ ಬರುತ್ತದೆ.

ಎಡವುವುದು ಎಲ್ಲಿ? ಒಂದು, ಕಾಲಮಿತಿ. ಕೆಲವು ದೇಶಗಳಲ್ಲಿ ದೂರು ಕೊಡಲು ಕೆಲವೇ ತಿಂಗಳಿರುತ್ತದೆ, ‘ಬಾಕಿ ಹಣ ಬರಲಿ, ಆಮೇಲೆ ನೋಡೋಣ’ ಎಂದು ಕೂತರೆ ದಾಟಿಹೋಗುತ್ತದೆ. ಇನ್ನೊಂದು, ತೆರಿಗೆ. ಸ್ವಯಂ ಉದ್ಯೋಗಿಯಾಗಿ ಬಾಡಿಗೆ, ಪೆಟ್ರೋಲ್, ಫೋನ್ ಖರ್ಚು ಕಳೆದು ತೆರಿಗೆ ಕಟ್ಟಿದವರು ನಾಳೆ ನೌಕರರೆಂದು ತೀರ್ಮಾನವಾದರೆ ಆ ಕಡಿತಗಳ ಲೆಕ್ಕವೂ ಮತ್ತೆ ತೆರೆಯಬಹುದು. ಬರಬೇಕಾದ ಬಾಕಿ ಎಷ್ಟು, ಹಿಂದಿರುಗಿಸಬೇಕಾಗಬಹುದಾದದ್ದು ಎಷ್ಟು ಎಂದು ಲೆಕ್ಕಪರಿಶೋಧಕರ ಬಳಿ ಕೂತು ಮೊದಲೇ ನೋಡಿ. ಒಬ್ಬರೇ ಕೇಳಿದರೆ ಒಪ್ಪಂದ ನವೀಕರಣವಾಗದೆ ಹೋಗುವ ಸಾಧ್ಯತೆಯೇ ಹೆಚ್ಚು. ಅದೇ ಕೆಲಸ ಮಾಡುವ ನಾಲ್ಕಾರು ಜನ ಸೇರಿ ಕೇಳಿದರೆ ಹಾಗೆ ಮಾಡುವುದು ಕಷ್ಟ.

ಸ್ವತಂತ್ರವಾಗಿಯೇ ಇರಬೇಕು ಎನ್ನುವವರೂ ಇದ್ದಾರೆ, ಅದೂ ಸರಿಯೇ. ಅಂಥವರು ಒಪ್ಪಂದ ಬರೆಸುವಾಗ ಗಂಟೆಯ ಬದಲು ಮುಗಿಸಿಕೊಡುವ ಕೆಲಸಕ್ಕೆ ದರ ಕೇಳಲಿ, ಬೇರೆ ಗ್ರಾಹಕರಿಗೆ ದುಡಿಯುವ ಮತ್ತು ಬದಲಿ ಜನರನ್ನು ಕಳಿಸುವ ಹಕ್ಕು ಬರೆಸಿಕೊಳ್ಳಲಿ, ಪಾವತಿ ತಡವಾದರೆ ಬಡ್ಡಿ ಎಂದು ಸೇರಿಸಲಿ. ಇದಕ್ಕೆ ಕಂಪನಿ ‘ಅದೆಲ್ಲ ಆಗಲ್ಲ, ನಮ್ಮ ಟೈಮಿಂಗ್‌ಗೆ ನೀವೇ ಬರಬೇಕು’ ಎಂದರೆ, ಆ ಉತ್ತರವನ್ನೂ ಬರಹದಲ್ಲೇ ತೆಗೆದುಕೊಂಡು ಇಟ್ಟುಕೊಳ್ಳಿ.