ದಾವಣಗೆರೆಯ ಗಾಳಿಯನ್ನು ಭಟ್ಟಿ ಬಾಗಿಲಲ್ಲಿ ಅಳೆಯಿರಿ

ದೆಹಲಿಯ ಗಾಳಿ ಕೆಟ್ಟರೆ ದೇಶಕ್ಕೆಲ್ಲ ಸುದ್ದಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಜೊತೆ ಮಂಡಕ್ಕಿ ಹುರಿಯುವ ಭಟ್ಟಿಗಳ ಊರು ದಾವಣಗೆರೆಯೂ ಸೇರಿದೆ ಎಂಬುದು ಮಾತ್ರ ನಮ್ಮೂರಲ್ಲೇ ಎಷ್ಟೋ ಮಂದಿಗೆ ತಿಳಿದಿಲ್ಲ. ದೆಹಲಿಯಲ್ಲಿದ್ದು ಎರಡೂ ಕಡೆಯ ರೀತಿ ನೋಡುವ ನನಗೆ ಅನಿಸುವುದಿಷ್ಟು: ಗಾಳಿಯನ್ನು ಎಡೆಬಿಡದೆ ಅಳೆಯುವ ದೆಹಲಿಯ ಪರಿಪಾಠ ನಮಗೆ ಬೇಕು, ಅಲ್ಲಿನ ನಿಷೇಧದ ದಾರಿ ಬೇಡ.

ಈ ಕಾರ್ಯಕ್ರಮದಲ್ಲಿ ನಗರಗಳ ಸಾಧನೆಯನ್ನು ಪಿಎಂ10 ಲೆಕ್ಕದಲ್ಲೇ ನೋಡುತ್ತಾರೆ. ಪಿಎಂ10 ಎಂದರೆ ಗಾಳಿಯಲ್ಲಿ ತೇಲುವ 10 ಮೈಕ್ರಾನ್‌ವರೆಗಿನ ಕಣಗಳ ತೂಕ, ರಸ್ತೆಯ ದಪ್ಪ ದೂಳೂ ಅದರಲ್ಲಿ ಸೇರಿದೆ. ರಸ್ತೆ ಗುಡಿಸಿ ನೀರು ಹಾಕಿದರೆ ಆ ಅಂಕಿ ಇಳಿಯುತ್ತದೆ. ಹೊಗೆಯಲ್ಲಿರುವ ಇನ್ನೂ ಸಣ್ಣ ಪಿಎಂ2.5 ಕಣಗಳಿಗೆ ತೂಕ ಕಡಿಮೆ, ಆದರೆ ಶ್ವಾಸಕೋಶದ ತುದಿಯ ಗಾಳಿಚೀಲಕ್ಕೆ ಇಳಿಯುವುದು ಅವೇ. ದೇಶದಾದ್ಯಂತ ಬಳಕೆಯಾದ ಈ ಕಾರ್ಯಕ್ರಮದ ಹಣದಲ್ಲಿ ಶೇ 64 ರಸ್ತೆ ದೂಳಿಗೇ ಹೋಗಿದೆ, ಕೈಗಾರಿಕೆಯ ಹೊಗೆಗೆ ಶೇ 1ರಷ್ಟೂ ಸಿಕ್ಕಿಲ್ಲ ಎಂದು 2024ರಲ್ಲಿ ದೆಹಲಿಯ ಸಂಶೋಧನಾ ಸಂಸ್ಥೆ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿಎಸ್‌ಇ) ಲೆಕ್ಕ ಕೊಟ್ಟಿತು. ಮಂಡಕ್ಕಿ ಊರಿಗೆ ಇದಕ್ಕಿಂತ ತಪ್ಪು ಹಂಚಿಕೆ ಇನ್ನೊಂದಿಲ್ಲ.

ಗಾಳಿ ಒಂದೇ ಆದರೂ ಎದೆಗಿಳಿಯುವ ಪಾಲು ಒಂದೇ ಅಲ್ಲ. ಕುಳಿತು ಕೆಲಸ ಮಾಡುವವರು ನಿಮಿಷಕ್ಕೆ ಸುಮಾರು 8 ಲೀಟರ್ ಗಾಳಿ ಎಳೆದರೆ, ಮೂಟೆ ಹೊರುವವರು, ಬಾಂಡ್ಲಿ ಮುಂದೆ ನಿಂತು ಹುರಿಯುವವರು 30 ಲೀಟರ್ ದಾಟುತ್ತಾರೆ. ಘನ ಮೀಟರಿಗೆ 100 ಮೈಕ್ರೋಗ್ರಾಂ ಪಿಎಂ2.5 ಇದ್ದರೆ, ಎಂಟು ಗಂಟೆಯಲ್ಲಿ ಮೊದಲನೆಯವರು ಎಳೆದುಕೊಳ್ಳುವುದು 400 ಮೈಕ್ರೋಗ್ರಾಂನೊಳಗೆ, ಎರಡನೆಯವರು 1,400ಕ್ಕೂ ಹೆಚ್ಚು. ಭಟ್ಟಿಯ ಒಳಗಿನ ಹೊಗೆಯನ್ನಂತೂ ಈ ಲೆಕ್ಕಕ್ಕೆ ಹಿಡಿದೇ ಇಲ್ಲ. ವಿದ್ಯಾನಗರದವರು ಕಿಟಕಿ ಮುಚ್ಚಬಹುದು. ಮಂಡಕ್ಕಿ ಭಟ್ಟಿ ಬಡಾವಣೆಯಲ್ಲಿ ಕೆಲಸದ ಜಾಗ, ಮನೆ, ಮಕ್ಕಳು ಆಡುವ ಅಂಗಳ ಎಲ್ಲ ಒಂದರ ಪಕ್ಕ ಒಂದು.

ಭಟ್ಟಿಯವರನ್ನು ಬೈದು ಉಪಯೋಗವಿಲ್ಲ. ಮಂಡಕ್ಕಿ ಅರಳಬೇಕಾದರೆ ಮರಳು ಒಂದೇ ಹದದಲ್ಲಿ ಚುರುಗುಟ್ಟುತ್ತಿರಬೇಕು. ಉರಿ ತಗ್ಗಿದರೆ ಅಕ್ಕಿ ಗಟ್ಟಿಯಾಗಿ ಉಳಿದು ಮಾಲು ಹಾಳು. ಹಳೇ ಟೈರ್ ಅಗ್ಗಕ್ಕೆ ಸಿಗುತ್ತದೆ, ಜೋರಾಗಿ ಉರಿಯುತ್ತದೆ. ಜೊತೆಗೆ ಕಪ್ಪು ಮಸಿ, ಗಂಧಕದ ಡೈಆಕ್ಸೈಡ್, ಕ್ಯಾನ್ಸರ್ ತರುವ ಟಾರ್ ಅಂಶಗಳನ್ನೂ ಕಕ್ಕುತ್ತದೆ. ಭತ್ತದ ಹೊಟ್ಟು ಅದಕ್ಕಿಂತ ವಾಸಿ, ಆದರೆ ಒಮ್ಮೆಗೇ ಬುಟ್ಟಿಗಟ್ಟಲೆ ಸುರಿದರೆ ಗಾಳಿ ಸಾಲದೆ ಕಮರಿ ದಟ್ಟ ಹೊಗೆ ಬಿಡುತ್ತದೆ. ಸ್ವಲ್ಪಸ್ವಲ್ಪವೇ ಬೀಳುವಂತೆ ಮಾಡಿ, ಕೆಳಗಿನಿಂದ ಸಣ್ಣ ಬ್ಲೋವರ್‌ನಲ್ಲಿ ಗಾಳಿ ಊದಬೇಕು. ಹೊಟ್ಟಿನ ತೂಕದಲ್ಲಿ ಐದನೇ ಒಂದು ಪಾಲು ಬೂದಿ, ಬೂದಿಯಲ್ಲಿ ಬಹುಪಾಲು ಸಿಲಿಕಾ. ಅದನ್ನು ಒಣಗಿದಂತೆಯೇ ಬಾಚಿ ಬಯಲಿಗೆ ಸುರಿಯದೆ, ನೀರು ಚಿಮುಕಿಸಿ ಚೀಲಕ್ಕೆ ತುಂಬಬೇಕು. ಚಿಮಣಿ ಪಕ್ಕದ ಮನೆಯ ಮಾಳಿಗೆಗಿಂತ ಎತ್ತರ ಇರಲೇಬೇಕು. ಒಳಗಿನ ಮಸಿ ಕೆರೆಯದೆ ಬಿಟ್ಟರೆ ಸೆಳೆತ ಸತ್ತು ಹೊಗೆ ಕೆಲಸಗಾರರ ಮುಖಕ್ಕೇ ತಿರುಗುತ್ತದೆ. ಚಳಿಗಾಲದ ನಸುಕಿನಲ್ಲಿ ತಣ್ಣನೆಯ ಗಾಳಿ ನೆಲ ಹಿಡಿದು ಕೂತಿರುವುದರಿಂದ ಹೊಗೆ ಮೇಲೇಳುವುದಿಲ್ಲ. ಆ ಹೊತ್ತಿಗೆ ಹೊಸ ಉರಿ ಹಚ್ಚದಿದ್ದರೆ ಬೀದಿಗೇ ಅನುಕೂಲ.

ದೆಹಲಿಯಲ್ಲಿ ಗಾಳಿ ಗುಣಮಟ್ಟದ ಸೂಚ್ಯಂಕ 400 ದಾಟಿದರೆ ಕಟ್ಟಡ ಕೆಲಸ ನಿಲ್ಲುತ್ತದೆ. ಅಂದಿನ ಕೂಲಿಯೂ ನಿಲ್ಲುತ್ತದೆ. 2024ರಲ್ಲಿ ತಲಾ 8,000 ರೂಪಾಯಿ ಪರಿಹಾರ ಕೊಟ್ಟದ್ದು ನೋಂದಾಯಿತ ಕಟ್ಟಡ ಕಾರ್ಮಿಕರಿಗೆ. ಹೆಸರು ಬರೆಸದವರ ಕೈಗೆ ಏನೂ ಬರಲಿಲ್ಲ. ದಾವಣಗೆರೆಯಲ್ಲಿ ಒಂದು ಬೆಳಿಗ್ಗೆ ಭಟ್ಟಿಗಳಿಗೆ ಬೀಗ ಹಾಕಿದರೆ ಆಗುವುದೂ ಇದೇ. ಮೊದಲು ಹುರಿಯುವವರು, ಹಮಾಲರು, ಚೀಲ ಹೊಲಿಯುವ ಹೆಂಗಸರು ಇವರ ಹೆಸರು ಪಟ್ಟಿಯಾಗಬೇಕು. ಬ್ಲೋವರ್, ಚಿಮಣಿಗೆ ಸಹಾಯಧನ ಸಿಗಬೇಕು. ಟೈರ್ ನಿಲ್ಲಿಸುವ ಕಟ್ಟುನಿಟ್ಟು ಆಮೇಲೆ.

ಒಣಗಿದ ರಸ್ತೆ ಗುಡಿಸುತ್ತ ದೂಳು ಎಳೆದುಕೊಳ್ಳುವ ಪೌರಕಾರ್ಮಿಕರದೂ ಭಟ್ಟಿಯವರದೇ ಪಾಡು. ಬಟ್ಟೆ ಮಾಸ್ಕ್ ಪಿಎಂ2.5 ತಡೆಯದು, ಮುಖಕ್ಕೆ ಅಂಟಿ ಕೂರುವ ಎನ್95 ಬೇಕು. ಭಟ್ಟಿಯ ಝಳದಲ್ಲಿ ಅದನ್ನೂ ತಾಸುಗಟ್ಟಲೆ ಹಾಕಿಕೊಂಡಿರಲಾಗದು, ಹಾಗಾಗಿ ಹೊಗೆಯನ್ನು ಒಲೆಯಲ್ಲೇ ತಡೆಯಬೇಕು.

ಇನ್ನು ಚಿಕಿತ್ಸೆ. ಆಯುಷ್ಮಾನ್ ಕಾರ್ಡ್ ನೆರವಾಗುವುದು ಆಸ್ಪತ್ರೆಗೆ ಸೇರಿದ ಮೇಲೆ. ದಿನಾ ಎಳೆಯುವ ಇನ್‌ಹೇಲರ್‌ಗೆ ಅಂಗಡಿಯಲ್ಲಿ ದುಡ್ಡು ಕೊಡಬೇಕು. ದುಡ್ಡಿಲ್ಲದ ವಾರ ಅದು ತಪ್ಪುತ್ತದೆ, ಉಬ್ಬಸ ಏರುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದ ಒಂದು ಸ್ಪೈರೋಮೀಟರ್ ಭಟ್ಟಿ ಬಡಾವಣೆಗೇ ಬರಲಿ, ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಊದುವ ಶಕ್ತಿ ಅಳೆದು ಚೀಟಿಯಲ್ಲಿ ಬರೆದುಕೊಡಲಿ, ಇನ್‌ಹೇಲರ್ ಅಲ್ಲೇ ಸಿಗಲಿ.