‘ಫಿಲ್ಟರ್ ಫೇಲ್ಡ್’ ಅಂದ್ರೆ ಸಾಕಾ?

ಲಿನಕ್ಸ್‌ನಲ್ಲಿ ಪ್ರಿಂಟ್ ಕೊಟ್ಟರೆ ಕೆಲವೊಮ್ಮೆ ಕಾಗದ ಬರಲ್ಲ, ‘ಫಿಲ್ಟರ್ ಫೇಲ್ಡ್’ ಅಂತ ಎರಡು ಪದ ಬರುತ್ತದೆ. ಯಾವ ಫಿಲ್ಟರ್? ಯಾಕೆ? ಅದನ್ನು ಹೇಳುವುದೇ ಇಲ್ಲ.

ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸ ನೋಡಿಕೊಳ್ಳುವ ಕಪ್ಸ್ ಒಳಗೆ ಒಂದು ಪಿಡಿಎಫ್ ಪ್ರಿಂಟರ್ ಮುಟ್ಟುವಷ್ಟರಲ್ಲಿ ಫಿಲ್ಟರ್ ಅನ್ನುವ ಹಲವು ಪ್ರೋಗ್ರಾಂಗಳ ಕೈ ದಾಟಿರುತ್ತದೆ. ಒಂದರ ಔಟ್‌ಪುಟ್ ಪೈಪ್ ಮೂಲಕ ಮುಂದಿನದರ ಇನ್‌ಪುಟ್. ಕೊನೆಯ ಡ್ರೈವರ್ ಫಿಲ್ಟರ್ ಶುರುವಿನಲ್ಲೇ ಸತ್ತರೆ ಆ ಕಡೆ ಓದುವವರೇ ಇರಲ್ಲ, ಹಿಂದಿನದು ಬರೆಯಲು ಹೋಗಿ ಸಿಸ್ಟಂ ಕಳಿಸುವ ಸಿಗ್‌ಪೈಪ್ ಸಿಗ್ನಲ್‌ಗೆ ಸಿಕ್ಕಿ ತಾನೂ ಸಾಯುತ್ತದೆ, ಲಾಗ್‌ನಲ್ಲಿ ಎದ್ದು ಕಾಣುವುದು ಮಾತ್ರ ‘ಬ್ರೋಕನ್ ಪೈಪ್’. ಯಾರನ್ನು ಕೇಳಿದರೂ, ಹಿಂದೆ ನಿಂತು ಪಿಡಿಎಫ್ ಪರಿವರ್ತಿಸುವ ಘೋಸ್ಟ್‌ಸ್ಕ್ರಿಪ್ಟ್ ಮತ್ತೆ ಇನ್‌ಸ್ಟಾಲ್ ಮಾಡಿ ಅಂತಾರೆ. ಪಾಪ, ಅದರದ್ದೇನೂ ತಪ್ಪಿಲ್ಲ! ಇನ್ನು ಫೈಲ್ ಸಣ್ಣದಾಗಿ, ಪೈಪ್‌ನ 64 ಕೆಬಿ ಬಫರ್‌ನಲ್ಲೇ (ತಾತ್ಕಾಲಿಕವಾಗಿ ಡೇಟಾ ಇಡುವ ಜಾಗ) ಹಿಡಿದು, ಓದುವವನು ಸಾಯುವ ಮೊದಲೇ ಬರೆದು ಮುಗಿದಿದ್ದರೆ ಆ ಸುಳಿವೂ ಸಿಗಲ್ಲ.

ನಮ್ಮ ಮನೆಯ ಪ್ರಿಂಟರ್‌ದೂ ಇದೇ ಕಥೆ. ಕಂಪನಿ ಕೊಟ್ಟ ಫಿಲ್ಟರ್ 32 ಬಿಟ್‌ದು, ಸಿಸ್ಟಂ 64 ಬಿಟ್. ಟರ್ಮಿನಲ್‌ನಲ್ಲಿ ಅದೊಂದನ್ನೇ ಓಡಿಸಿದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಫೈಲ್ ಕಣ್ಣೆದುರೇ ಇದೆ ಕಣ್ರೀ! ನಿಜವಾಗಿ ಇಲ್ಲದಿರುವುದು ಅದನ್ನು ಓಡಿಸಬೇಕಾದ 32 ಬಿಟ್ ಲೋಡರ್. ಅದಕ್ಕೆ ಬೇಕಾದ ಲೈಬ್ರರಿ ಹಾಕಿದ ಮೇಲೆ ಪ್ರಿಂಟ್ ಬಂತು.

ಮೊದಲು ಸತ್ತ ಫಿಲ್ಟರ್‌ನ ಹೆಸರು, ಅದರ ಎಕ್ಸಿಟ್ ಕೋಡ್ (ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ). ಇಷ್ಟನ್ನು ಡಿಬಗ್ ಲಾಗ್ ಆನ್ ಮಾಡಿಸದೆ, ಸಾವಿರ ಸಾಲು ಓದಿಸದೆ, ಆ ಎರಡು ಪದದ ಪಕ್ಕದಲ್ಲೇ ತೋರಿಸಬೇಕು ಅಲ್ವಾ?